ಕುಲುಮೆಯ ಕಲಿಕೆ ಮತ್ತು ಕಮ್ಮಾರನ ಉಪಕರಣಗಳು: ಚಿಕ್ಕಬಳ್ಳಾಪುರ ಸೀಮೆಯನ್ನು ಕುರಿತ ವಿಚಾರ

ಕಬ್ಬಿಣವನ್ನು ಕಾಯಿಸಿ ಬಡಿಯುವ ವಿದ್ಯೆಯನ್ನು ಜೀವನೋಪಾಯಕ್ಕಾಗಿ ಅಲ್ಲದೆ ಕೇವಲ ಹವ್ಯಾಸವಾಗಿ ಕಲಿಯಬೇಕೆಂಬ ಬಯಕೆ ಈಚಿನ ವರ್ಷಗಳಲ್ಲಿ ವಿದ್ಯಾವಂತರಲ್ಲಿ ಅಲ್ಲಲ್ಲಿ ತಲೆದೋರುತ್ತಿದೆ. ಹೀಗೆ ಹೊರಟವರು ಮೊಟ್ಟಮೊದಲು ಕೇಳುವ ಪ್ರಶ್ನೆ ಕಬ್ಬಿಣವನ್ನು ಕುರಿತದ್ದಲ್ಲ, ಬೆಂಕಿಯನ್ನು ಕುರಿತದ್ದೂ ಅಲ್ಲ. ಉಪಕರಣಗಳನ್ನು ಎಲ್ಲಿಂದ ತರಬೇಕೆಂಬುದೇ ಆ ಪ್ರಶ್ನೆ. ಇದು ಮೇಲುನೋಟಕ್ಕೆ ವ್ಯವಹಾರದ ಮಾತಿನಂತೆ ಕಂಡರೂ ಇದರೊಳಗೆ ಇತಿಹಾಸದ ಒಂದು ಸಮಸ್ಯೆ ಅಡಗಿದೆಯೆಂದು ನಮಗೆ ತೋರುತ್ತದೆ. ಕುಲುಮೆಯ ವಿದ್ಯೆ ಶತಮಾನಗಳ ಕಾಲ ಕೆಲವೇ ಮನೆತನಗಳಲ್ಲಿ ಉಳಿದುಕೊಂಡದ್ದಕ್ಕೆ ಅವರು ಕಾಪಾಡಿಕೊಂಡ ಗುಟ್ಟೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಹಳ್ಳಿಯ ಕಮ್ಮಾರಿಕೆಯ ಮಟ್ಟಿಗೆ ಈ ಮಾತು ಅಷ್ಟಾಗಿ ಹೊಂದುವುದಿಲ್ಲವೆಂದೂ, ವಿದ್ಯೆ ಹೊರಗೆ ಹರಿಯದಂತೆ ತಡೆದದ್ದು ಗುಟ್ಟಿಗಿಂತ ಹೆಚ್ಚಾಗಿ ಉಪಕರಣಗಳ ಒಡೆತನ ಮತ್ತು ಊರಿನ ಆಯದ ಏರ್ಪಾಡೆಂದೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳನ್ನು ನಾವು ವಿಚಾರಕ್ಕೆ ಆರಿಸಿಕೊಂಡಿದ್ದೇವೆ. ಇವು 2007ರವರೆಗೆ ಕೋಲಾರ ಜಿಲ್ಲೆಗೆ ಸೇರಿದ್ದು, ಆ ವರ್ಷ ಚಿಕ್ಕಬಳ್ಳಾಪುರ ಜಿಲ್ಲೆಯ ಭಾಗವಾದವು.

ಕಮ್ಮಾರನ ಇತಿಹಾಸವನ್ನು ಬರೆಯಹೊರಟವನಿಗೆ ಆಧಾರಗಳ ಕೊರತೆ ಎದುರಾಗುತ್ತದೆ. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸರು 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಅಲ್ಲಿ ಭೂಮಿಯನ್ನು ಕೊಟ್ಟವರುಂಟು, ಪಡೆದವರುಂಟು, ಗೋವುಗಳನ್ನು ಬಿಡಿಸಲು ಹೋಗಿ ಮಡಿದ ವೀರರುಂಟು. ವೀರಗಲ್ಲಿನ ಮೇಲೆ ಕತ್ತಿ ಕಠಾರಿಗಳು ಸ್ಪಷ್ಟವಾಗಿ ಕಾಣುತ್ತವೆ. ಆ ಕತ್ತಿಯನ್ನು ಬಡಿದವನಾರೆಂಬುದನ್ನು ಹೇಳಬೇಕೆಂದು ಬರೆಸಿದವರಿಗೆ ತೋಚಲಿಲ್ಲ. ಗಂಗರ ತಾಮ್ರಪಟಗಳಲ್ಲಿ ಅಕ್ಷರ ಕೊರೆದ ವಿಶ್ವಕರ್ಮಾಚಾರ್ಯರ ಹೆಸರು ಬರುವುದುಂಟಾದರೂ, ಆ ಭಾಗ್ಯ ನೇಗಿಲ ಕುಳ ತಟ್ಟಿದವನಿಗೆ ಬರಲಿಲ್ಲ.

ಆದರೆ ಬರಹವಿಲ್ಲದ ಕಡೆ ಕಲ್ಲು ಸಾಕ್ಷಿ ನುಡಿಯುತ್ತದೆ. ನಂದಿಬೆಟ್ಟದ ಬುಡದಲ್ಲಿರುವ ಭೋಗನಂದೀಶ್ವರ ದೇವಾಲಯದ ಪ್ರಾಚೀನ ಭಾಗ ಒಂಬತ್ತನೆಯ ಶತಮಾನಕ್ಕೆ ಸೇರಿದ್ದು. ಅದರ ಕಂಬಗಳೂ ಜಾಲಂಧ್ರಗಳೂ ಕಠಿಣವಾದ ಕಲ್ಲಿನಲ್ಲಿ ಕಡೆದವು. ನಮ್ಮ ಸೀಮೆಯ ಕಣಶಿಲೆಯ ಮೇಲೆ ಮೆದು ಕಬ್ಬಿಣದ ಚಾಣ ಕೆಲಸಕ್ಕೆ ಬಾರದು. ಅದರ ತುದಿ ಉಕ್ಕಾಗಿರಬೇಕು. ಉಕ್ಕಿನ ತುದಿಯೂ ಬೇಗನೆ ಮೊಂಡಾಗುವುದರಿಂದ ಅದನ್ನು ಮತ್ತೆ ಮತ್ತೆ ಕಾಯಿಸಿ, ಚೂಪು ತಟ್ಟಿ, ಹದ ಕೊಡಬೇಕು. ಆದುದರಿಂದ ಕಲ್ಲುಕುಟಿಗರು ಕೆಲಸ ಮಾಡಿದ ಕಡೆಯಲ್ಲೆಲ್ಲ ಕುಲುಮೆಯೂ ಉರಿಯುತ್ತಿದ್ದಿರಲೇಬೇಕು. ಶಿಲ್ಪಿಯನ್ನು ಹೊಗಳುವ ಕಲಾವಿಮರ್ಶಕರು ಅವನ ಬೆನ್ನ ಹಿಂದೆ ತಿದಿ ಒತ್ತುತ್ತಿದ್ದವನನ್ನು ಒಮ್ಮೆಯಾದರೂ ನೆನೆಯಬೇಕಾಗಿತ್ತು. ಈಗ ಈ ಪ್ರಾಂತದ ಕಲ್ಲುಗಣಿಗಳಲ್ಲಿ ಯಂತ್ರದ ಕೊರೆಪಿಗಳು ಬಂದಿವೆ, ಅವುಗಳ ತುದಿಗೆ ಟಂಗ್‌ಸ್ಟನ್ ಕಾರ್ಬೈಡು ಬಂದಿದೆ. ಹಾಗಾಗಿ ಕಲ್ಲಿಗೂ ಕುಲುಮೆಗೂ ಇದ್ದ ಈ ನಂಟು ಬಹುಮಟ್ಟಿಗೆ ಸಡಿಲವಾಗಿದೆ.

ಆ ಉಕ್ಕು ಎಲ್ಲಿಂದ ಬರುತ್ತಿತ್ತು? ಗೌರಿಬಿದನೂರಿನ ಪಶ್ಚಿಮದ ಎಲ್ಲೆಯ ಆಚೆಗೆ ಮಧುಗಿರಿ, ಚನ್ನರಾಯನದುರ್ಗಗಳ ಬೆಟ್ಟಸಾಲು ಇದೆ. ಮಳೆಯ ನೀರು ಆ ಬೆಟ್ಟಗಳಿಂದ ಕೊಚ್ಚಿಕೊಂಡು ಬರುವ ಕರಿಮರಳಿನಲ್ಲಿ ಕಬ್ಬಿಣದ ಅಂಶ ಹೇರಳವಾಗಿರುತ್ತದೆ. ಇದನ್ನು ತೊಳೆದು, ಇದ್ದಲಿನೊಡನೆ ಮಣ್ಣಿನ ಒಲೆಗಳಲ್ಲಿ ಕರಗಿಸುತ್ತಿದ್ದ ಸಂಗತಿಯನ್ನು ಫ್ರಾನ್ಸಿಸ್ ಬುಕನನ್ ವರ್ಣಿಸಿದ್ದಾನೆ. ಟಿಪ್ಪುವಿನ ಪತನಾನಂತರ ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯ ಮೇರೆಗೆ 1800ರಲ್ಲಿ ಮದರಾಸಿನಿಂದ ಹೊರಟ ಈ ಸ್ಕಾಟ್ಲೆಂಡಿನ ವೈದ್ಯ, ಕೋಲಾರ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರಗಳ ಮೇಲೆ ಹಾದುಹೋದನು; ಅವನ ಪ್ರವಾಸಗ್ರಂಥ ಮೂರು ಸಂಪುಟಗಳಲ್ಲಿ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಮೈಸೂರು ಸೀಮೆಯಲ್ಲಿ ಉಕ್ಕು ಮಾಡುವ ಕ್ರಮವನ್ನು ಅವನು ಕಣ್ಣಾರೆ ಕಂಡು ಬರೆದಿದ್ದಾನೆ. ಹಸಿಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡನ್ನಿಟ್ಟು, ಅದರೊಡನೆ ತಂಗಡಿಯ ಕಡ್ಡಿಗಳನ್ನೂ ಒಂದು ಬಳ್ಳಿಯ ಎರಡು ಹಸಿರೆಲೆಗಳನ್ನೂ ಹಾಕಿ, ಬಾಯನ್ನು ಮಣ್ಣಿನಿಂದ ಮುಚ್ಚಿ ತೀವ್ರವಾಗಿ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳು ಸುಟ್ಟು ಬಂದ ಇಂಗಾಲ ಕಬ್ಬಿಣದೊಳಕ್ಕೆ ಇಳಿದು ಅದು ಉಕ್ಕಾಗುತ್ತಿತ್ತು. ಕಲ್ಲುಕುಟಿಗರ ಚಾಣ, ಕತ್ತಿಯ ಅಲಗು, ವಾದ್ಯಗಳ ತಂತಿ ಇವಕ್ಕೆಲ್ಲ ಈ ಉಕ್ಕು ಬಳಕೆಯಾಗುತ್ತಿತ್ತು. ವಾದ್ಯದ ತಂತಿಗಳಿಗೆ ಚನ್ನಪಟ್ಟಣ ಹೆಸರಾಗಿತ್ತು.

ಕನ್ನಡದ ‘ಉಕ್ಕು’ ಎಂಬ ಪದವೇ ಇಂಗ್ಲಿಷರ ಬಾಯಲ್ಲಿ ‘ವೂಟ್ಜ್’ ಆಯಿತೆಂಬುದು ವಿದ್ವಾಂಸರಲ್ಲಿ ಬಹುಮಂದಿಯ ಅಭಿಪ್ರಾಯ. ಜಾರ್ಜ್ ಪಿಯರ್ಸನ್ ಎಂಬ ವೈದ್ಯನು ಇದರ ಮೇಲೆ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧವನ್ನು ಸಲ್ಲಿಸಿದನು. 1819ರಲ್ಲಿ ಮೈಕೇಲ್ ಫ್ಯಾರಡೆ ಇದನ್ನು ವಿಶ್ಲೇಷಿಸಿದನು. ಆತ ಒಬ್ಬ ಕಮ್ಮಾರನ ಮಗನೆಂಬುದು ಇಲ್ಲಿ ನೆನೆಯತಕ್ಕ ಸಂಗತಿ. ಪಾಶ್ಚಾತ್ಯ ಕಮ್ಮಾರರಿಗೆ ಈ ಉಕ್ಕು ಮೊದಲು ಸುಲಭವಾಗಿ ಬಗ್ಗಲಿಲ್ಲ. ಇಂಗಾಲ ಹೆಚ್ಚಾಗಿದ್ದ ಕಾರಣ, ತಮ್ಮ ದೇಶದ ಕಬ್ಬಿಣಕ್ಕೆ ಕೊಡುತ್ತಿದ್ದಷ್ಟು ಕಾವನ್ನು ಇದಕ್ಕೂ ಕೊಟ್ಟರೆ ಅದು ಸುತ್ತಿಗೆಯ ಏಟಿಗೆ ಪುಡಿಯಾಗಿ ಒಡೆಯುತ್ತಿತ್ತು. ಸರಕು ಸಮುದ್ರ ದಾಟಿತು, ಹದ ದಾಟಲಿಲ್ಲ. ಮೂಸೆಯ ಉಕ್ಕಿನ ವಿಷಯದಲ್ಲಿ ಗುಟ್ಟೆಂಬುದು ನಿಜವಾಗಿ ಇದ್ದಿರಬಹುದೆಂದು ನಾವು ಒಪ್ಪುತ್ತೇವೆ. ಎಲೆ ಯಾವುದು, ಮಣ್ಣು ಯಾವುದು ಎಂಬುದು ಹೇಳದೆ ತಿಳಿಯುವಂಥದಲ್ಲ. ಹಳ್ಳಿಯ ಕುಲುಮೆಯ ಸ್ಥಿತಿ ಬೇರೆ.

ಹಳ್ಳಿಯ ಕಮ್ಮಾರನ ಸ್ಥಾನವನ್ನು ತಿಳಿಯಲು ಆಯಗಾರ ಪದ್ಧತಿಯನ್ನು ನೋಡಬೇಕು. 1810ರಿಂದ 1817ರ ವರೆಗೆ ಪ್ರಕಟವಾದ ತನ್ನ ಇತಿಹಾಸದಲ್ಲಿ ಮಾರ್ಕ್ ವಿಲ್ಕ್ಸ್ ಮೈಸೂರು ಸೀಮೆಯ ಹನ್ನೆರಡು ಆಯಗಾರರನ್ನು ಎಣಿಸಿದ್ದಾನೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಜೋಯಿಸ ಮೊದಲಾದವರೊಡನೆ ಕಮ್ಮಾರನೂ ಬಡಗಿಯೂ ಅಲ್ಲಿ ಸೇರಿದ್ದಾರೆ. (ಕೆಲವು ಊರುಗಳಲ್ಲಿ ಅಕ್ಕಸಾಲೆಯ ಬದಲಿಗೆ ಕವಿಯೂ ಉಪಾಧ್ಯಾಯನೂ ಆದವನೊಬ್ಬನು ಈ ಹನ್ನೆರಡರಲ್ಲಿ ಸೇರುತ್ತಿದ್ದನಂತೆ, ಅಧ್ಯಾಪಕವೃತ್ತಿಯ ವಾಚಕರಿಗೆ ಇದು ಸಂತೋಷ ಕೊಡಬಹುದು.) ಕಮ್ಮಾರನಿಗೆ ಪ್ರತಿ ಕೆಲಸಕ್ಕೆ ಕೂಲಿಯಿಲ್ಲ, ಸುಗ್ಗಿಯ ಕಣದಲ್ಲಿ ಪ್ರತಿಯೊಬ್ಬ ಒಕ್ಕಲಿನಿಂದ ರಾಗಿಯ ಗೊತ್ತಾದ ಪಾಲು ಅವನಿಗೆ ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ವರ್ಷವೆಲ್ಲ ಕುಳ ತಟ್ಟುವುದು, ಕುಡುಗೋಲಿಗೆ ಹಲ್ಲು ಕೊಯ್ಯುವುದು, ಕಳೆ ತೆಗೆಯುವ ವರವಾರಿಯನ್ನು ಸರಿಪಡಿಸುವುದು, ಗುದ್ದಲಿ ಕೊಡಲಿಗಳಿಗೆ ಬಾಯಿ ಕಟ್ಟುವುದು ಅವನ ಹೊಣೆಯಾಗಿತ್ತು. ಹೊಸ ಕಬ್ಬಿಣವನ್ನು ಒಕ್ಕಲೇ ತರಬೇಕಾಗಿತ್ತು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕುಲುಮೆ ಬಾಗಿಲು ಹಾಕಿದ ಕೋಣೆಯಲ್ಲ. ಮರದ ನೆರಳಿನಲ್ಲೋ ಮೂರು ಕಡೆ ತೆರೆದ ಚಪ್ಪರದಲ್ಲೋ ಎಲ್ಲರ ಕಣ್ಣೆದುರಿಗೆ ಕೆಲಸ ನಡೆಯುತ್ತಿತ್ತು. ಅಷ್ಟೇ ಅಲ್ಲ, ಕುಳ ತಟ್ಟಿಸಲು ಬಂದ ರೈತನೇ ತಿದಿ ಒತ್ತುವುದೂ, ಸಮ್ಮಟಿಗೆ ಹಿಡಿದು ಏಟು ಹಾಕುವುದೂ ನಮ್ಮ ಹಳ್ಳಿಗಳಲ್ಲಿ ವಾಡಿಕೆ. ಹೀಗಿರುವಾಗ ಹತ್ತಾರು ವರ್ಷ ಕುಲುಮೆಗೆ ಬಂದುಹೋದ ಒಕ್ಕಲಿಗನಿಗೆ ಕಾವಿನ ಬಣ್ಣ ತಿಳಿದಿತ್ತು, ಏಟಿನ ಲಯ ತಿಳಿದಿತ್ತು, ನೀರಿಗೆ ಅದ್ದುವ ಹೊತ್ತು ತಿಳಿದಿತ್ತು. ಆದರೂ ಅವನು ಕಮ್ಮಾರನಾಗಲಿಲ್ಲ. ಜಾತಿಯ ಕಟ್ಟು ಇದಕ್ಕೆ ಕಾರಣವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಕಟ್ಟು ‘ಹೇಳಿಕೊಡಬಾರದು’ ಎಂಬ ರೂಪದಲ್ಲಿ ಅಷ್ಟಾಗಿ ಕೆಲಸ ಮಾಡಲಿಲ್ಲ. ಊರಿನ ಆಯ ಒಂದು ಮನೆತನಕ್ಕೆ ಗೊತ್ತಾಗಿರುವಾಗ ಎರಡನೆಯವನು ಅಡಿಗಲ್ಲು ಹೂಡಿದರೆ ಅವನಿಗೆ ಕಣದಲ್ಲಿ ರಾಗಿ ಅಳೆಯುವವರಿರಲಿಲ್ಲ. ಅಡಿಗಲ್ಲನ್ನು ತಾನೆ ಅವನು ಎಲ್ಲಿಂದ ತರಬೇಕು?

ನೋಡಿ ಕಲಿಯುವ ಈ ಅವಕಾಶವೂ ಎಲ್ಲರಿಗೂ ಒಂದೇ ತೆರನಾಗಿರಲಿಲ್ಲವೆಂಬುದನ್ನು ಮರೆಮಾಚಬಾರದು. ತಿದಿಗೆ ಬೇಕಾದ ತೊಗಲನ್ನು ಹದಮಾಡುತ್ತಿದ್ದವರು ಮಾದಿಗರು. ಬಲಗೈ ಎಡಗೈ ಎಂಬ ಹಳೆಯ ವಿಭಾಗದಲ್ಲಿ ಪಾಂಚಾಳರು ಎಡಗೈ ಪಕ್ಷದ ಮುಂದಾಳುಗಳಾಗಿದ್ದರು. ಮಾದಿಗರೂ ಅದೇ ಪಕ್ಷದವರು. ಬುಕನನ್ ಇವರಿಬ್ಬರನ್ನೂ ಒಂದೇ ಪಟ್ಟಿಯಲ್ಲಿ ಸೇರಿಸಿದ್ದಾನೆ. ಜಗಳ ಬಂದಾಗ ಒಂದೇ ಪಕ್ಷ. ಕುಲುಮೆಯ ಬಳಿ ಬಂದಾಗ ಒಬ್ಬ ಒಳಗೆ, ಇನ್ನೊಬ್ಬ ಹೊರಗೆ. ತಿದಿಯ ಗಾಳಿ ಯಾರ ಕೈಕೆಲಸದಿಂದ ಹುಟ್ಟಿತೋ ಅವರಿಗೆ ಬೆಂಕಿಯ ಹತ್ತಿರ ಸ್ಥಳವಿರಲಿಲ್ಲ. ಕುಲುಮೆಯನ್ನು ಹಳ್ಳಿಯ ಸೌಹಾರ್ದದ ಚಿತ್ರವಾಗಿ ಮಾತ್ರ ಬರೆಯುವವರು ಈ ಸಂಗತಿಯನ್ನು ಬಿಟ್ಟುಬಿಡುವುದು ನಮಗೆ ಸರಿತೋರುವುದಿಲ್ಲ.

ಇನ್ನು ಉಪಕರಣಗಳ ವಿಚಾರ. ನಮ್ಮ ನಾಲ್ಕು ತಾಲ್ಲೂಕುಗಳು ಕನ್ನಡ ತೆಲುಗುಗಳೆರಡೂ ಬೆರೆತ ಪ್ರದೇಶ. ಮೂಡಲಿಗೆ ಹೋದಷ್ಟೂ ತೆಲುಗಿನ ಬಳಕೆ ಹೆಚ್ಚು. ಆದಕಾರಣ ಇಲ್ಲಿ ಕಲಿಯಬಂದವನು ಒಂದೊಂದು ಸಾಧನಕ್ಕೆ ಎರಡೆರಡು ಹೆಸರು ಕೇಳುತ್ತಾನೆ. ಕುಲುಮೆಗೆ ಕೊಲಿಮಿ, ತಿದಿಗೆ ತಿತ್ತಿ, ಅಡಿಗಲ್ಲಿಗೆ ದಾಗಲಿ, ಇಕ್ಕಳಕ್ಕೆ ಪಟಕಾರು, ಸಮ್ಮಟಿಗೆಗೆ ಸಮ್ಮೆಟ. ಸುತ್ತಿಗೆ ಮತ್ತು ಉಳಿಗಳ ಹೆಸರು ಎರಡು ಭಾಷೆಗಳಲ್ಲಿಯೂ ಹೆಚ್ಚುಕಡಿಮೆ ಒಂದೇ. ‘ಉಕ್ಕು’ ಎಂಬುದಂತೂ ಎರಡರಲ್ಲಿಯೂ ಒಂದೇ ಪದ. ಸಣ್ಣ ಸಾಧನಗಳ ಹೆಸರು ಸಮಾನವಾಗಿದ್ದು ಅಡಿಗಲ್ಲು ಇಕ್ಕಳಗಳ ಹೆಸರು ಬೇರೆಯಾಗಿರುವುದೇಕೆಂಬುದು ಭಾಷಾಶಾಸ್ತ್ರದವರು ವಿಚಾರಿಸತಕ್ಕ ವಿಷಯ. ನಮ್ಮ ವಿದ್ಯಾರ್ಥಿಗಳಲ್ಲಿ ಯಾರಾದರೂ ಊರೂರಿನ ಕುಲುಮೆಗಳಿಂದ ಈ ಪದಗಳನ್ನು ಸಂಗ್ರಹಿಸಿದರೆ ಅದು ಒಳ್ಳೆಯ ಕೆಲಸವಾದೀತು.

ಇತರ ಕಸುಬುಗಳ ಸಾಧನಗಳಿಗೂ ಕಮ್ಮಾರನ ಸಾಧನಗಳಿಗೂ ಒಂದು ಮುಖ್ಯವಾದ ಭೇದವುಂಟು. ಬಡಗಿಯ ಉಳಿಯನ್ನು ಕಮ್ಮಾರ ಮಾಡಿಕೊಡುತ್ತಾನೆ, ಕ್ಷೌರಿಕನ ಕತ್ತಿಯನ್ನೂ ಕಲ್ಲುಕುಟಿಗನ ಚಾಣವನ್ನೂ ಅವನೇ ಮಾಡಿಕೊಡುತ್ತಾನೆ. ಕಮ್ಮಾರನ ಇಕ್ಕಳವನ್ನು ಮಾಡುವವನೂ ಕಮ್ಮಾರನೇ. ಇಕ್ಕಳವನ್ನು ಮಾಡಬೇಕಾದರೆ ಕಾದ ಕಬ್ಬಿಣವನ್ನು ಹಿಡಿಯಲು ಮೊದಲೇ ಒಂದು ಇಕ್ಕಳವಿರಬೇಕು. ಉಳಿಯನ್ನು ಕತ್ತರಿಸಲು ಉಳಿ, ಸುತ್ತಿಗೆಗೆ ಕಣ್ಣು ತೆಗೆಯಲು ಸುತ್ತಿಗೆ. ಹೀಗೆ ಸಾಧನವೇ ಸಾಧನವನ್ನು ಹೆರುವುದರಿಂದ, ಒಂದು ಪೂರ್ತಿ ಕುಲುಮೆಯ ಸಾಮಗ್ರಿ ಒಬ್ಬನ ಜೀವಮಾನದಲ್ಲಿ ಕೂಡುವಂಥದಲ್ಲ. ಅಜ್ಜ ಮಾಡಿದ ಇಕ್ಕಳದಿಂದ ತಂದೆ ಮಾಡಿದ ಇಕ್ಕಳ, ಅದರಿಂದ ಮಗನದು ಹುಟ್ಟುತ್ತದೆ. ಕಾಲೇಜಿನ ಹುಡುಗನೊಬ್ಬನು ಈಗ ಹವ್ಯಾಸಕ್ಕೆಂದು ಹೊರಟು ‘ಮೊದಲನೆಯ ಇಕ್ಕಳ ಎಲ್ಲಿ ಸಿಕ್ಕೀತು’ ಎಂದು ಅಲೆಯುವಾಗ, ಕುಲದ ಹೊರಗಿನವನಿಗೆ ಹಿಂದೆ ಎದುರಾಗುತ್ತಿದ್ದ ತಡೆಯೇ ಅವನಿಗೂ ಎದುರಾಗುತ್ತದೆ.

ಕಮ್ಮಾರನ ಮಗನ ಕಲಿಕೆಯ ಕ್ರಮವೂ ಸಾಧನಗಳ ಕ್ರಮವೇ ಆಗಿತ್ತು. ಮೊದಲು ತಿದಿ. ಸಮನಾದ ಗಾಳಿ ಕೊಡುವುದನ್ನು ಕಲಿಯುವ ನೆಪದಲ್ಲಿ ಅವನು ಬೆಂಕಿಯನ್ನು ನೋಡಲು ಕಲಿಯುತ್ತಾನೆ. ತೋಳಿಗೆ ಬಲ ಬಂದ ಮೇಲೆ ಸಮ್ಮಟಿಗೆ. ಹಿರಿಯನು ಸಣ್ಣ ಸುತ್ತಿಗೆಯಿಂದ ಮುಟ್ಟಿ ತೋರಿಸಿದ ಎಡೆಯಲ್ಲೇ ದೊಡ್ಡ ಏಟು ಬೀಳಬೇಕು. ಅಡಿಗಲ್ಲಿನ ಮೇಲೆ ಬರಿಯ ಸುತ್ತಿಗೆಯ ಸದ್ದು ಕೇಳಿದರೆ ನಿಲ್ಲಿಸಬೇಕು. ಬಾಯಿಮಾತು ಬೇಕಿಲ್ಲ. ಇಕ್ಕಳ ಕೈಗೆ ಬರುವುದು ಇವೆಲ್ಲ ಆದ ಮೇಲೆ, ಹದ ಕೊಡುವುದು ಎಲ್ಲಕ್ಕಿಂತ ಕೊನೆಗೆ. ಉಕ್ಕನ್ನು ಚೆನ್ನಾಗಿ ಕೆಂಪಗೆ, ಸುಮಾರು 800 ಡಿಗ್ರಿ ಸೆಂಟಿಗ್ರೇಡಿನ ಕಾವಿಗೆ ಏರಿಸಿ ತುದಿಯನ್ನು ನೀರಿಗೆ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ, ಒಡೆಯಲೂ ಸಿದ್ಧವಾಗಿರುತ್ತದೆ. ತುದಿಯನ್ನು ಉಜ್ಜಿ ಹೊಳಪು ಮಾಡಿ, ಹಿಂಭಾಗದಲ್ಲಿ ಉಳಿದ ಕಾವು ಮುಂದಕ್ಕೆ ಹರಿಯುವುದನ್ನು ನೋಡುತ್ತ ಕೂತರೆ ಹೊಳಪಿನ ಮೇಲೆ ಮೊದಲು ಒಣಹುಲ್ಲಿನ ಬಣ್ಣ, ಆಮೇಲೆ ಕಂದು, ನೇರಳೆ, ಕಡೆಗೆ ನೀಲಿ ತೋರುತ್ತವೆ. ಹುಲ್ಲಿನ ಬಣ್ಣ 220ರ ಸುಮಾರಿಗೆ, ನೀಲಿ 300ರ ಸುಮಾರಿಗೆ. ಬೇಕಾದ ಬಣ್ಣ ತುದಿಗೆ ಮುಟ್ಟಿದ ಕ್ಷಣ ಮತ್ತೆ ನೀರಿಗೆ ಅದ್ದಬೇಕು. ಉಷ್ಣಮಾಪಕವಿಲ್ಲದೆ ಈ ಅಳತೆಯನ್ನು ಕಣ್ಣಿನಲ್ಲಿ ಇಟ್ಟುಕೊಂಡವರ ಜ್ಞಾನವನ್ನು ‘ಕೈಚಳಕ’ ಎಂದಷ್ಟೇ ಕರೆಯುವುದು ನ್ಯಾಯವಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಏರ್ಪಾಡಿನ ತಳಹದಿ ಅಲುಗಿತು. ಇಂಗ್ಲೆಂಡಿನ ಕಾರ್ಖಾನೆಗಳ ಕಬ್ಬಿಣದ ಸಲಾಕೆಗಳು ಅಗ್ಗದ ಬೆಲೆಗೆ ಬರತೊಡಗಿದುದರಿಂದಲೂ, ಇದ್ದಲಿಗೆ ಬೇಕಾದ ಕಾಡು ಕೈಗೆಟುಕದಾದುದರಿಂದಲೂ ನಾಡಿನ ಕರಗಿಸುವ ಒಲೆಗಳು ಒಂದೊಂದಾಗಿ ಆರಿದವು. ಕರಿಮರಳಿನಿಂದ ಕಬ್ಬಿಣ ತೆಗೆಯುವ ವಿದ್ಯೆ ಈ ಪ್ರಾಂತದಿಂದ ಮಾಯವಾಯಿತು. ಆದರೆ ಬಡಿಯುವ ಕಮ್ಮಾರನು ಮಾಯವಾಗಲಿಲ್ಲ. ಅವನಿಗೆ ಸರಕಿನ ಮೂಲ ಬದಲಾಯಿತು, ಅಷ್ಟೆ. 1890ರ ದಶಕದಲ್ಲಿ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋದ ರೈಲುಮಾರ್ಗ ಗೌರಿಬಿದನೂರನ್ನು ಮುಟ್ಟಿತು. ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೇಲೆ ಕೋಲಾರಕ್ಕೆ ಕಿರುಹಳಿಯ ರೈಲು ಬಂತು. ಅದೇ ದಾರಿ ಅಗಲವಾದ ಹಳಿಯಾಗಿ 2013ರಲ್ಲಿ ಮತ್ತೆ ತೆರೆಯಿತು. ರೈಲು ಪ್ರಯಾಣಿಕರನ್ನು ತಂದಿತೆಂದು ನಾವು ಬರೆಯುತ್ತೇವೆ; ಕಮ್ಮಾರನ ದೃಷ್ಟಿಯಿಂದ ನೋಡಿದರೆ ರೈಲು ತಂದದ್ದು ಹಳಿಯನ್ನು. ಕತ್ತರಿಸಿದ ಹಳಿಯ ತುಂಡಿಗಿಂತ ಒಳ್ಳೆಯ ಅಡಿಗಲ್ಲು ಬಡವನಿಗೆ ಸಿಕ್ಕುವುದು ಕಷ್ಟ. ಅದಾದ ಮೇಲೆ ಮೋಟಾರು ಬಂತು. ಲಾರಿಯ ಕಮಾನು ಪಟ್ಟೆ ಒಳ್ಳೆಯ ಉಕ್ಕು. ಮಚ್ಚು, ಕೊಡಲಿ, ಉಳಿಗಳಿಗೆ ಅದೇ ಮೂಲದ್ರವ್ಯವಾಯಿತು. ತಿದಿಯ ಸ್ಥಾನದಲ್ಲಿ ಮೊದಲು ಕೈಯಿಂದ ತಿರುಗಿಸುವ ಬೀಸಣಿಗೆಯೂ ಈಚೆಗೆ ವಿದ್ಯುತ್ತಿನ ಬ್ಲೋವರೂ ಬಂದು, ತೊಗಲಿನ ನಂಟು ತಾನಾಗಿ ಕಡಿದುಹೋಯಿತು.

ಈ ಬದಲಾವಣೆಯಿಂದ ಹೊಸದೊಂದು ವಿದ್ಯೆ ಹುಟ್ಟಿತೆಂಬುದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಹಳೆಯ ಕಾಲದ ಕಮ್ಮಾರನಿಗೆ ತನ್ನ ಉಕ್ಕಿನ ಜಾತಕ ತಿಳಿದಿರುತ್ತಿತ್ತು. ಗುಜರಿಯ ರಾಶಿಯಲ್ಲಿ ಬಿದ್ದಿರುವ ತುಂಡಿಗೆ ಜಾತಕವಿಲ್ಲ. ಅದು ಮೆದು ಕಬ್ಬಿಣವೋ ಗಡುಸಿಗೆ ಬರುವ ಉಕ್ಕೋ ಎಂಬುದನ್ನು ಸಾಣೆಯ ಮೇಲೆ ಹಿಡಿದಾಗ ಹಾರುವ ಕಿಡಿಯ ರೂಪದಿಂದ, ಅರ ಹಿಡಿಯುವ ರೀತಿಯಿಂದ, ಕಾಯಿಸಿ ನೀರಿಗೆ ಅದ್ದಿ ಮುರಿದಾಗ ಕಾಣುವ ಕಣದಿಂದ ತಿಳಿಯಬೇಕು. ಮೆದು ಕಬ್ಬಿಣದ ಕಿಡಿ ಉದ್ದವಾಗಿ ಗೆರೆ ಎಳೆದಂತೆ ಹೋಗುತ್ತದೆ. ಇಂಗಾಲ ಹೆಚ್ಚಿದಷ್ಟೂ ಅದು ಕವಲೊಡೆದು ಸಿಡಿಯುತ್ತದೆ. ಹವ್ಯಾಸಿಗಳು ಮೊದಲು ಕಲಿಯಬೇಕಾದುದು ಇದೇ. ಹಾಗೆಯೇ ಸತುವಿನ ಲೇಪವಿರುವ ಕೊಳವೆ, ತಗಡುಗಳನ್ನು ಬೆಂಕಿಗೆ ಹಾಕಬಾರದೆಂಬುದನ್ನೂ ಅವರು ತಿಳಿದಿರಬೇಕು. ಅದರ ಹೊಗೆ ಜ್ವರ ತರುತ್ತದೆ.

ವಿದ್ಯೆಯನ್ನು ಕುಲದಿಂದ ಬಿಡಿಸಿ ಶಾಲೆಗೆ ತರುವ ಪ್ರಯತ್ನಗಳ ಚರಿತ್ರೆಯೂ ಚಿಕ್ಕದೇನಲ್ಲ. ಇಂಗ್ಲೆಂಡಿನ ಜೋಸೆಫ್ ಮಾಕ್ಸನ್ 1678ರಲ್ಲಿ ಕಸುಬುಗಳನ್ನು ಕುರಿತು ಬಿಡಿಬಿಡಿಯಾಗಿ ಪುಸ್ತಕ ಹೊರಡಿಸತೊಡಗಿದಾಗ ಮೊದಲಿಗೆ ಎತ್ತಿಕೊಂಡದ್ದು ಕಮ್ಮಾರಿಕೆಯನ್ನೇ. ಅದೇ ವರ್ಷ ಅವನು ರಾಯಲ್ ಸೊಸೈಟಿಯ ಸದಸ್ಯನಾದನು. ನಮ್ಮಲ್ಲಿ ಈ ಪ್ರಯತ್ನಕ್ಕೆ ಬಲ ಕೊಟ್ಟವರು ಇದೇ ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು. ಅವರು 1912ರಿಂದ 1918ರ ವರೆಗೆ ದಿವಾನರಾಗಿದ್ದಾಗ ಸಂಸ್ಥಾನದಲ್ಲಿ ಕೈಗಾರಿಕಾ ಇಲಾಖೆ ಸ್ಥಾಪಿತವಾಯಿತು. ಅವರು ಯೋಜಿಸಿದ ಭದ್ರಾವತಿಯ ಕಾರ್ಖಾನೆ 1923ರಲ್ಲಿ ಇದ್ದಲಿನಿಂದಲೇ ಕಬ್ಬಿಣ ಕರಗಿಸತೊಡಗಿತು. ಅವರ ಪ್ರಯತ್ನದ ಫಲವಾಗಿ 1943ರಲ್ಲಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಪ್ರಾರಂಭವಾಯಿತು. ಸ್ವಾತಂತ್ರ್ಯಾನಂತರ ಕೈಗಾರಿಕಾ ತರಬೇತಿ ಸಂಸ್ಥೆಗಳೂ, 1961ರ ಅಪ್ರೆಂಟಿಸ್ ಕಾಯಿದೆಯೂ ಬಂದವು. ಇವುಗಳಿಂದಾದ ಮಹದುಪಕಾರವೆಂದರೆ ಯಾವ ಜಾತಿಯವನಾದರೂ ಬೆಂಕಿಯ ಮುಂದೆ ನಿಲ್ಲಬಹುದಾಯಿತು.

‘ನಿಲ್ಲಬಹುದು’ ಎಂದೆವಷ್ಟೆ. ಆ ಪದದಲ್ಲಿಯೇ ಒಂದು ಭೇದವಿದೆ. ನಮ್ಮ ಕಮ್ಮಾರನು ನೆಲದ ಮಟ್ಟದಲ್ಲಿ ಕೂತು ಕೆಲಸ ಮಾಡುವವನು. ಅವನ ಅಡಿಗಲ್ಲು ನೆಲದಲ್ಲಿಯೋ ಮರದ ಕೊರಡಿನಲ್ಲಿಯೋ ಹೂತ ಚೌಕವಾದ ಕಬ್ಬಿಣದ ಗಟ್ಟಿ. ಇಂಗ್ಲಿಷರ ಅಡಿಗಲ್ಲಿನಂತೆ ಅದಕ್ಕೆ ಕೊಂಬಿಲ್ಲ. ಕೈಗಾರಿಕಾ ಶಾಲೆಯ ಅಡಿಗಲ್ಲು ಎತ್ತರದ ಪೀಠದ ಮೇಲಿರುತ್ತದೆ. ಕೂತವನ ಇಕ್ಕಳದ ಉದ್ದ, ಸುತ್ತಿಗೆಯ ಹಿಡಿ, ಒಲೆಯ ಎತ್ತರ ಎಲ್ಲವೂ ನಿಂತವನದಕ್ಕಿಂತ ಬೇರೆ. ಆದ್ದರಿಂದ ಶಾಲೆಯಲ್ಲಿ ಕಲಿತ ಹುಡುಗ ಹಳ್ಳಿಯ ಕುಲುಮೆಗೆ ಹೋದರೆ ಅವನ ಕೈ ಅಲ್ಲಿನ ಸಾಧನಗಳಿಗೆ ಒಗ್ಗುವುದಿಲ್ಲ. ಕುಲುಮೆಯಲ್ಲಿ ಬೆಳೆದವನಿಗೆ ಶಾಲೆಯ ಪೀಠ ಒಗ್ಗುವುದಿಲ್ಲ. ಎರಡು ಪರಂಪರೆಗಳು ಒಂದೇ ಊರಿನಲ್ಲಿದ್ದೂ ಒಂದನ್ನೊಂದು ಮುಟ್ಟಲಿಲ್ಲ. ಶಾಲೆಗಳ ಪಠ್ಯಕ್ರಮವನ್ನು ರೂಪಿಸಿದವರು ಕೂತು ಮಾಡುವ ಕೆಲಸವನ್ನು ಹಿಂದುಳಿದದ್ದೆಂದು ಎಣಿಸಿ ಅದನ್ನು ದಾಖಲು ಮಾಡುವ ಗೋಜಿಗೂ ಹೋಗದಿದ್ದುದು ದೊಡ್ಡ ನಷ್ಟವೆಂದು ನಮ್ಮ ಭಾವನೆ.

2023ರಲ್ಲಿ ಕೇಂದ್ರ ಸರ್ಕಾರ ಪ್ರಾರಂಭಿಸಿದ ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆಯಲ್ಲಿ ಹದಿನೆಂಟು ಕಸುಬುಗಳ ಪೈಕಿ ಕಮ್ಮಾರಿಕೆಯೂ, ಸುತ್ತಿಗೆ ಮುಂತಾದ ಸಾಧನಗಳನ್ನು ತಯಾರಿಸುವ ಕೆಲಸವೂ ಸೇರಿವೆ. ಐದರಿಂದ ಏಳು ದಿನಗಳ ಪ್ರಾಥಮಿಕ ತರಬೇತಿ, ಉಪಕರಣಗಳಿಗಾಗಿ 15,000 ರೂಪಾಯಿಗಳ ನೆರವು, ಕಡಿಮೆ ಬಡ್ಡಿಯ ಸಾಲ ಇದರ ಮುಖ್ಯಾಂಶಗಳು. ಉಪಕರಣವೇ ಕಲಿಕೆಯ ಬಾಗಿಲೆಂಬ ಮಾತನ್ನು ಈ ಯೋಜನೆ ತನ್ನ ರೀತಿಯಲ್ಲಿ ಒಪ್ಪಿಕೊಂಡಿದೆ. ಆದರೆ ಇದು ಕಸುಬಿನಲ್ಲಿ ಈಗಾಗಲೇ ಇರುವವರಿಗೆ. ಹವ್ಯಾಸಿಗಳಿಗಲ್ಲ, ಆಗಬೇಕಾದುದೂ ಇಲ್ಲ.

ಹವ್ಯಾಸಿ ಕಮ್ಮಾರನೆಂಬವನು ಚರಿತ್ರೆಗೆ ಹೊಸಬನೇನಲ್ಲ. ಫ್ರಾನ್ಸಿನ ದೊರೆ ಹದಿನಾರನೆಯ ಲೂಯಿ ಅರಮನೆಯಲ್ಲಿಯೇ ಕುಲುಮೆಯನ್ನಿಟ್ಟುಕೊಂಡು ಬೀಗಗಳನ್ನು ಮಾಡುತ್ತಿದ್ದನು. ಪ್ರಜೆಗಳು ಅದಕ್ಕಾಗಿ ನಕ್ಕರು. ಅಮೆರಿಕದಲ್ಲಿ ಕುದುರೆಗಾಡಿಗಳು ಹೋಗಿ ಕುಲುಮೆಗಳು ಮುಚ್ಚಿದ ಎಷ್ಟೋ ಕಾಲದ ಮೇಲೆ, 1973ರಲ್ಲಿ, ಕಲಾವಿದರೂ ಹವ್ಯಾಸಿಗಳೂ ಸೇರಿ ಒಂದು ಕಮ್ಮಾರ ಸಂಘವನ್ನು ಕಟ್ಟಿದರು. ಅವರ ಕೈಸೇರುವ ವೇಳೆಗೆ ಹಳೆಯ ಕಮ್ಮಾರರಲ್ಲಿ ಬಹುಮಂದಿ ಗತಿಸಿದ್ದರು; ಸಾಧನ ಉಳಿದಿತ್ತು, ಅದನ್ನು ಹಿಡಿಯುವ ರೀತಿಯನ್ನು ಪುಸ್ತಕಗಳಿಂದ ಊಹಿಸಬೇಕಾಯಿತು. ನಮ್ಮ ಸೀಮೆಯ ಸ್ಥಿತಿ ಇದಕ್ಕೆ ವಿಪರೀತವಾದದ್ದು. ಇಲ್ಲಿ ಹಿಡಿಯುವ ರೀತಿ ಬಲ್ಲವರು ಇನ್ನೂ ಇದ್ದಾರೆ, ಹೋಗುತ್ತಿರುವುದು ಸಾಧನಗಳು. ಟ್ರ್ಯಾಕ್ಟರು ಬಂದು ಮರದ ನೇಗಿಲು ಹೋಯಿತು, ರಬ್ಬರಿನ ಗಾಲಿ ಬಂದು ಬಂಡಿಚಕ್ರಕ್ಕೆ ಪಟ್ಟೆ ಹಾಕುವ ಕೆಲಸ ಹೋಯಿತು, ಕಾರ್ಖಾನೆಯ ಕುಡುಗೋಲು ಸಂತೆಯಲ್ಲಿ ಅಗ್ಗವಾಗಿ ಸಿಕ್ಕುತ್ತದೆ. ಆಯ ನಿಂತಿದೆ. ಶಿಡ್ಲಘಟ್ಟದ ಕಡೆ ರೇಷ್ಮೆಯವರಿಗೆ ಚಾಕಿ ಹುಳುವಿಗೆ ಸೊಪ್ಪು ಹೆಚ್ಚುವ ಕತ್ತಿ ಬೇಕಾಗುವುದರಿಂದಲೂ, ತೋಟದವರಿಗೆ ಗುದ್ದಲಿ ಮಚ್ಚುಗಳು ಬೇಕಾಗುವುದರಿಂದಲೂ ಕೆಲವು ಕುಲುಮೆಗಳು ಉಸಿರಾಡುತ್ತಿವೆ. ಉಳಿದೆಡೆ ಮಗ ಬೆಸುಗೆಯ ಅಂಗಡಿಯನ್ನೋ ಬೆಂಗಳೂರಿನ ಕೆಲಸವನ್ನೋ ಹಿಡಿದ ಮೇಲೆ ಅಡಿಗಲ್ಲು ಇಕ್ಕಳಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗುತ್ತವೆ. ಮಗನನ್ನು ಇದಕ್ಕಾಗಿ ದೂರುವುದು ಸಲ್ಲದು. ಕುಲುಮೆಯ ಬಾಳನ್ನು ಹೊರಗಿನವರು ಸುಂದರವೆಂದು ಕಂಡಷ್ಟು ಒಳಗಿನವರು ಕಂಡಿರಲಾರರು.

ಈ ಕಾರಣದಿಂದ ಹವ್ಯಾಸಿಯು ಗುಜರಿಯಿಂದ ಒಂದು ಹಳೆಯ ಇಕ್ಕಳವನ್ನು ಕೊಂಡುತರುವುದನ್ನು ನಾವು ಕೇವಲ ವಿನೋದವೆಂದು ತಳ್ಳಿಹಾಕುವುದಿಲ್ಲ. ತಂದವನು ಅದು ಯಾವ ಊರಿನದು, ಅದನ್ನು ಅಲ್ಲಿ ಏನೆಂದು ಕರೆಯುತ್ತಿದ್ದರು, ಯಾವ ಕೆಲಸಕ್ಕೆ ಬಳಸುತ್ತಿದ್ದರು ಎಂಬ ಮೂರು ಸಂಗತಿಗಳನ್ನು ಬರೆದಿಟ್ಟರೆ ಅದು ಇತಿಹಾಸಕ್ಕೆ ಆಧಾರವಾಗುತ್ತದೆ. ಬರೆಯದಿದ್ದರೆ ಅದು ಗೋಡೆಗೆ ತೂಗುಹಾಕುವ ಅಲಂಕಾರವಷ್ಟೆ. ಇದಕ್ಕಿಂತ ಉತ್ತಮವಾದುದೆಂದರೆ ಸಾಧನ ಗುಜರಿ ಸೇರುವ ಮುನ್ನವೇ ಕುಲುಮೆಗೆ ಹೋಗಿ, ಸಲ್ಲತಕ್ಕ ಸಂಭಾವನೆಯನ್ನು ಕೊಟ್ಟು, ಆ ಹಿರಿಯರ ಕೈಯಿಂದಲೇ ಮೊದಲನೆಯ ಇಕ್ಕಳವನ್ನು ಮಾಡಲು ಕಲಿಯುವುದು. ಸಂಭಾವನೆಯ ಮಾತನ್ನು ನಾವು ಬೇಕೆಂದೇ ಎತ್ತಿದ್ದೇವೆ. ರೈತನು ಪುಕ್ಕಟೆಯಾಗಿ ನೋಡುತ್ತಿದ್ದನೆಂದರೆ ಅವನು ಕಣದಲ್ಲಿ ರಾಗಿ ಅಳೆಯುತ್ತಿದ್ದನು.

ಸಾಧನಗಳನ್ನು ಓದುವ ಕ್ರಮಕ್ಕೆ ಒಂದೆರಡು ನಿದರ್ಶನಗಳನ್ನು ಕೊಡಬಹುದು. ಅಡಿಗಲ್ಲಿನ ಮುಖ ಎಲ್ಲ ಕಡೆ ಒಂದೇ ಸಮನಾಗಿ ಸವೆದಿರುವುದಿಲ್ಲ. ಏಟು ಹೆಚ್ಚು ಬಿದ್ದ ಬದಿ ತಗ್ಗಾಗಿರುತ್ತದೆ, ಅದರಿಂದ ಕಮ್ಮಾರನು ಯಾವ ದಿಕ್ಕಿಗೆ ಕೂರುತ್ತಿದ್ದನು, ಸಮ್ಮಟಿಗೆಯವನು ಎಲ್ಲಿ ನಿಲ್ಲುತ್ತಿದ್ದನು ಎಂಬುದನ್ನು ಹೇಳಬಹುದು. ಸುತ್ತಿಗೆಯ ಹಿಡಿಯಲ್ಲಿ ಹೆಬ್ಬೆರಳು ತಂಗಿದ ಗುಳಿ ಅವನು ಬಲಗೈಯವನೋ ಎಡಗೈಯವನೋ ಎಂಬುದನ್ನು ಹೇಳುತ್ತದೆ. ಇಕ್ಕಳದ ಬಾಯಿಯನ್ನು ನೋಡಿದರೆ ಅದು ಹಿಡಿಯುತ್ತಿದ್ದ ವಸ್ತುವಿನ ಅಳತೆ ತಿಳಿಯುತ್ತದೆ. ಕುಳ ಹಿಡಿಯುವ ಇಕ್ಕಳದ ಬಾಯಿ ಅಗಲ, ಕುಡುಗೋಲಿನದು ಕಿರಿದು, ಚಾಣದ್ದು ದುಂಡು. ನೇಗಿಲು ಹೋದ ಊರಿನಲ್ಲಿ ಮೊದಲು ಗುಜರಿಗೆ ಹೋಗುವುದು ಆ ಅಗಲಬಾಯಿಯ ಇಕ್ಕಳವೇ. ಅದು ಹಿಡಿಯುತ್ತಿದ್ದ ಕುಳಗಳು ಸಾಮಾನ್ಯವಾಗಿ ಅದಕ್ಕಿಂತ ಮೊದಲೇ ಹೋಗಿರುತ್ತವೆ. ಆದುದರಿಂದ ಒಂದು ಹಳ್ಳಿಯ ಮರದ ನೇಗಿಲಿಗೆ ಎಷ್ಟು ಅಗಲದ ಕುಳ ಹಾಕುತ್ತಿದ್ದರೆಂಬುದನ್ನು ತಿಳಿಯಬೇಕಾದರೆ ಕೆಲವು ಕಡೆ ಈಗ ಆ ಇಕ್ಕಳದ ಬಾಯಿಯನ್ನೇ ಅಳೆಯಬೇಕಾಗಿದೆ.